ಮೂರು ತೂತು

ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ,
ಬಣ್ಣಕ್ಕೆ ಗೀರು ಬೀಳದ ಹಾಗೆ ಸುತ್ತಿದ್ದು ಹಳೆ ಬನಿಯನಿನ ತುಂಡು.
ಇಷ್ಟೇ ನನ್ನ ಸ್ಕ್ಯಾನಿಂಗ್ ಮಿಷನು.
ಬಾಗಿಲ ಮೇಲಿಟ್ಟೆ, ಹಿಡಿಯಿತು.
ಬಾನೆಟ್ಟು, ಹಿಡಿಯಿತು.
ಹಿಂದಿನ ಚಕ್ರದ ಕಮಾನಿಗೆ ತಾಗಿಸಿದರೆ
ಕೈಬಿಟ್ಟು ನೆಲಕ್ಕೆ ಬಿತ್ತು, ಟಪ್ಪಂತ.
“ಇಲ್ಲಿ ತಗಡಿಲ್ಲ ಟೀಚರೇ, ಬರೀ ಪುಟ್ಟಿ.”

ಝುಲೈಖಾ ಟೀಚರಿಗೆ ಐವತ್ತೆರಡು. ಪ್ಲಸ್ ಟೂಗೆ ಫಿಸಿಕ್ಸು.
ಕುಂಬಳೆಯ ಮೇ ತಿಂಗಳ ಸೆಕೆಯಲ್ಲಿ
ಕೊಡೆ ಮಡಚಿ ನಿಂತಿದ್ದಾರೆ ಶೆಡ್ಡಿನ ಬಾಯಲ್ಲಿ.
ಎರಡೇ ಸೀಟಿನ ಈ ಕೆಂಪು ಕಾರು
ಕೊಳ್ಳುವುದೋ ಬಿಡುವುದೋ, ನಾನು ಹೇಳಬೇಕು.
ನಿಮಗೆ ಯಾಕೆ ಇದು ಅಂತ ಊರೆಲ್ಲ ಕೇಳಿಯಾಗಿದೆ.
ನಾನು ಕೇಳಲಿಲ್ಲ.

ಆರಿಕ್ಕಾಡಿಯ ಮಮ್ಮುಂಞಿ ಕುವೈತಿನಿಂದ ಹಡಗಿನಲ್ಲಿ ತರಿಸಿದ ಗಾಡಿ.
ಇಂಜಿನು ಬೆನ್ನಿಗೆ, ದೀಪ ಎರಡೂ ರೆಪ್ಪೆಯೊಳಗೆ.
ಸ್ವಿಚ್ಚು ಒತ್ತಿದರೆ ಬಲಗಣ್ಣು ಮಾತ್ರ ತೆರೆಯುತ್ತದೆ,
ಹೈವೇಯಲ್ಲಿ ಹೋಗುವ ಮೀನಿನ ಲಾರಿಗೆಲ್ಲ
ಕಣ್ಣು ಹೊಡೆಯುತ್ತದೆ ಕಳ್ಳ.
ಬಂದ ವರ್ಷವೇ ಶಿರಿಯ ಸಂಕಕ್ಕೆ ಒರೆಸಿಕೊಂಡು
ಇದೇ ಶೆಡ್ಡಿಗೆ ಬಂದಿತ್ತು. ಆಗ ಇದು ಬಿಳಿ.
ಆಗ ನಾನು ಹತ್ತೊಂಬತ್ತು.

ಕಾರ್ಪೆಟ್ಟು ಎತ್ತಿದೆ.
ಅಡಿಯಲ್ಲಿ ಒಂದು ಹಿಡಿ ಮರಳು, ನಮ್ಮ ಕಡಲಿನದ್ದಲ್ಲ,
ಹಿಟ್ಟಿನ ಹಾಗೆ ನುಣುಪು.
ಅದರ ಮೇಲೆ ಎಲ್ಲ ನಮ್ಮೂರಿನದ್ದು:
ಬೂಸು, ಇಲಿ ಕಡಿದ ವೈರು, ಫ್ಯೂಸಿನ ಡಬ್ಬಿಯಲ್ಲಿ ಇರುವೆಗಳ ಸಂಸಾರ,
ಹಪ್ಪಳದ ಹಾಗೆ ಮುರಿಯುವ ಬಾಗಿಲ ರಬ್ಬರು.
ಅಲ್ಲಿ ಹದಿನೆಂಟು ವರ್ಷ ಬಿಸಿಲು ತಿಂದದ್ದು ಬರೀ ಬಣ್ಣ.
ಇಲ್ಲಿ ಉಪ್ಪುಗಾಳಿ ಒಳಗಿನಿಂದ ತಿನ್ನುತ್ತದೆ.
ಕಬ್ಬಿಣಕ್ಕೆ ಬೆವರಿದರೆ ಒರೆಸಿಕೊಳ್ಳಲು ಕೈಯಿಲ್ಲ.

ಇಂಜಿನು ಮಾತ್ರ, ಸುಳ್ಳು ಯಾಕೆ, ಚಿನ್ನ.
ನಾಲ್ಕು ಸಿಲಿಂಡರಿಗೂ ಗೇಜಿನ ಮುಳ್ಳು ಒಂದೇ ಮನೆಯಲ್ಲಿ ನಿಂತಿತು.
ಟೀಚರ್ ಆ ಮುಳ್ಳನ್ನು ನೋಡಿದ ರೀತಿ
ನನ್ನ ಮಗಳ ಮಾರ್ಕಿನ ಕಾರ್ಡನ್ನು ಒಮ್ಮೆಯಾದರೂ ಹಾಗೆ ನೋಡಬಾರದೆ!

ಜಾಕು ಕೊಟ್ಟು ಅಡಿಗೆ ಮಲಗಿದೆ.
ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ
ಹಲಸಿನ ಹಣ್ಣಿಗೆ ಹೋದಂತೆ ಹೋಯಿತು.
ಚಾಪುಡಿಯಂಥ ತುಕ್ಕು ಮುಖದ ಮೇಲೆಲ್ಲ.
ಬ್ರಶ್ಶು ತಿಕ್ಕಿದೆ. ಬೆಸುಗೆಯ ಸಾಲು ಕಂಡಿತು:
ಮೂರು ಬೊಟ್ಟು ಹತ್ತಿರ, ಒಂದು ದೂರ.
ಕ್ರಾಸ್ತಾ ಮೇಸ್ತ್ರಿಯ ಕೈ. ಅದು ಇನ್ನೂ ಗಟ್ಟಿ ಉಂಟು.
ಕೊಳೆತದ್ದು ಅದರ ಪಕ್ಕ,
ದಪ್ಪಕ್ಕೆ ಡಾಂಬರು ಬಳಿದ ಕಡೆ.

ಡಾಂಬರು ನನ್ನದು.
“ನೀರು ಹೊಗಬಾರದು ನೋಡು” ಅಂದಿದ್ದರು ಮೇಸ್ತ್ರಿ.
ನಾನು ಒಂದು ಬಿರುಕು ಬಿಟ್ಟವನಲ್ಲ.
ಪಟ್ಟಿಯ ಅಡಿಯಲ್ಲಿ ಸಾಲಾಗಿ ಮೂರು ತೂತಿದ್ದವು,
ಕಿರುಬೆರಳಿನ ತುದಿಯಷ್ಟಗಲ.
ಯಾಕೆ ಇದ್ದವೆಂದು ಕೇಳದೆ
ಅವನ್ನೂ ಮೆತ್ತಿ ಮೆತ್ತಿ ಮುಚ್ಚಿದ್ದೆ.
ಮೇಸ್ತ್ರಿ ಆ ಸಂಜೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟಿದ್ದರು.
ನೀರು ಹೇಗೂ ಹೊಕ್ಕಿತು. ಇಪ್ಪತ್ತು ಮಳೆಗಾಲ
ದಾರಿ ಹುಡುಕುತ್ತ ಕೂತಿತ್ತು.

ಮೇಸ್ತ್ರಿ ಈಗ ಬೇಳದ ಇಗರ್ಜಿಯ ಹಿಂದೆ ಮಲಗಿದ್ದಾರೆ.
ಅವರ ಮೇಲೆ ಹಾಕಿದರೆ ಎದ್ದು ಬಂದು ಇಲ್ಲ ಅನ್ನುವವರಲ್ಲ.
“ಯಾರ ಕೆಲಸ ಇದು?” ಟೀಚರ್ ಬಗ್ಗಿ ಕೇಳಿದರು.
ಕಾರಿನಡಿಯಲ್ಲಿ ಮಲಗಿದವನಿಗೆ ಕಾಣುವುದು ಚಪ್ಪಲಿ ಮಾತ್ರ.
ಆ ಚಪ್ಪಲಿಗೆ ಹೇಳಿದೆ: “ನಂದೇ.”
ಚಪ್ಪಲಿ ಅಲುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು,
“ಹಾಗಾದ್ರೆ ಎಲ್ಲಿ ಕೊಯ್ಯಬೇಕು ಅಂತ ನಿಮಗೆ ಗೊತ್ತುಂಟು.”

ಕೊಯ್ದೆ. ಹೊಸ ತಗಡು, ಹೊಸ ಬೆಸುಗೆ,
ಮೂರು ಹತ್ತಿರ, ಒಂದು ದೂರ. ಕೈ ಹಾಗೇ ಹೋಗುತ್ತದೆ.
ಶೆಡ್ಡಿನ ಬೋರ್ಡು ಮಲಯಾಳ, ಬೈಗುಳ ತುಳು,
ಬಿಲ್ಲು ಮಾತ್ರ ನಾನು ಕನ್ನಡದಲ್ಲೇ ಬರೆಯುವುದು:
ಎಡಪಟ್ಟಿ, ಮಜೂರಿ, ಒಂದು ಅಡ್ಡಗೀಟು.

ನಿನ್ನೆ ಮೇಲಿನಿಂದ ಒಂದು ಚೊಂಬು ನೀರು ಹೊಯ್ದು
ಅಡಿಯಲ್ಲಿ ಅಂಗೈ ಒಡ್ಡಿ ಕಾದೆ.
ಮೊದಲ ತೂತು ಬಿಟ್ಟಿತು. ಮೂರನೆಯದೂ.
ನಡುವಿನದು ಸುಮ್ಮನೆ. ಸೈಕಲಿನ ಕಡ್ಡಿ ಹಾಕಿ ಕೆದಕಿದೆ.
ಬಂತು, ಮೊದಲು ಕಂದು, ಆಮೇಲೆ
ಮೊಣಕೈವರೆಗೆ ತಣ್ಣಗೆ.

ಎಡಗಣ್ಣು ಬಾಕಿ.
ಅದರ ಮೋಟರು ಕೊಚ್ಚಿಯಿಂದ ಬರಬೇಕು.